ಕೆಲಸ ಮಕ್ಕಳ ರಕ್ಷಣೆ, ಸಂಕಟ ದೊಡ್ಡಮ್ಮನ ಮನೆಯಲ್ಲಿ

ಪ್ರಶ್ನೆ: ನನಗೆ 27 ವರ್ಷ. ಎಂಎಸ್‌ಡಬ್ಲ್ಯು ಮುಗಿಸಿ ಉಡುಪಿಯಲ್ಲಿ ಮಕ್ಕಳ ರಕ್ಷಣಾ ಘಟಕದಲ್ಲಿ ಗುತ್ತಿಗೆ ಮೇಲೆ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ಓದುವಾಗ ಮಂಗಳೂರಿನಲ್ಲಿ ದೊಡ್ಡಮ್ಮನ ಫ್ಲ್ಯಾಟಿನಲ್ಲೇ ಇದ್ದೆ. ಫೀಸು ಕಟ್ಟಿದ್ದೂ ಅವರೇ. ಈಗ ಆ ಮನೆಯಲ್ಲಿ 12 ವರ್ಷದ ಒಬ್ಬ ಹುಡುಗಿ ಇದ್ದಾಳೆ. ದೊಡ್ಡಪ್ಪ ಕಟ್ಟಿಸುತ್ತಿದ್ದ ಬಾಡಿಗೆ ಮನೆಗೆ ಗಾರೆ ಕೆಲಸಕ್ಕೆ ಬಂದಿದ್ದ ಘಟ್ಟದ ಮೇಲಿನವರ ಮಗಳು. ಅಪ್ಪ ಅಮ್ಮ ಗೋವಾಕ್ಕೆ ಕೆಲಸಕ್ಕೆ ಹೊರಟಾಗ, "ಇಲ್ಲಿರಲಿ, ಶಾಲೆಗೆ ಸೇರಿಸ್ತೇವೆ" ಎಂದು ದೊಡ್ಡಮ್ಮ ಇಟ್ಟುಕೊಂಡರು. ಶಾಲೆಗೆ ಸೇರಿಸಿಲ್ಲ. ಹಾಸಿಗೆ ಹಿಡಿದಿರುವ ದೊಡ್ಡಮ್ಮನ ಅತ್ತೆಯ ಚಾಕರಿ, ಪಾತ್ರೆ, ನೆಲ ಒರೆಸುವುದು ಎಲ್ಲ ಅವಳದ್ದೇ. ಮಲಗುವುದು ವಾಷಿಂಗ್ ಮೆಷಿನ್ ಪಕ್ಕ ಚಾಪೆಯಲ್ಲಿ. ಹೊಡೆಯುವುದಿಲ್ಲ, ಊಟಕ್ಕೂ ಕಡಿಮೆ ಮಾಡುವುದಿಲ್ಲ. ಕಳೆದ ಸಲ ಹೋದಾಗ ನನ್ನ ಬ್ಯಾಗಿನ ಮೇಲಿದ್ದ ಮಕ್ಕಳ ಸಹಾಯವಾಣಿ 1098ರ ಸ್ಟಿಕ್ಕರ್ ಮುಟ್ಟಿ, "ಅಕ್ಕಾ, ಇದು ಯಾರ ನಂಬರ್?" ಎಂದು ಕೇಳಿದಳು. "ಆಫೀಸಿಂದು" ಅಂದುಬಿಟ್ಟೆ.

ಅಮ್ಮನ ಹತ್ತಿರ ಹೇಳಿದರೆ, "ಅನ್ನ ಹಾಕಿದ ಮನೆಗೆ ಪೊಲೀಸರನ್ನು ಕಳಿಸ್ತೀಯಾ? ಅಕ್ಕನಿಗೆ ನಾನೇ ಹೇಳ್ತೇನೆ. ಹುಡುಗಿಯನ್ನು ಊರಿಗೆ ಬಸ್ ಹತ್ತಿಸಲಿ, ಮುಗೀತಲ್ಲ" ಅನ್ನುತ್ತಾರೆ. ನನಗೆ ಗಂಡು ನೋಡುತ್ತಿರುವುದೂ ದೊಡ್ಡಮ್ಮನೇ. ಮಂಗಳೂರು ನನ್ನ ವ್ಯಾಪ್ತಿಗೂ ಬರುವುದಿಲ್ಲ. ಹುಡುಗಿಯನ್ನು ನಮ್ಮ ಮನೆಗೇ ತಂದು ಇಲ್ಲಿ ಶಾಲೆಗೆ ಹಾಕಲಾ? ಅಥವಾ ಕೆಲಸವನ್ನೇ ಬಿಡಲಾ? ಜೂನ್ 12ಕ್ಕೆ ಬಾಲಕಾರ್ಮಿಕ ವಿರೋಧಿ ದಿನದ ಬ್ಯಾನರ್ ಕಟ್ಟಿದವಳು ನಾನು. ಬೇರೆಯವರ ಮನೆಗೆ ಹೋಗಿ ಬುದ್ಧಿ ಹೇಳುವ ಮುಖವೇ ಇಲ್ಲ ಅನ್ನಿಸುತ್ತಿದೆ.
— ಹೆಸರು ಬೇಡ, ಉಡುಪಿ

ಉತ್ತರ: ಗುರುತು ಸಿಗಬಾರದೆಂದು ನಿಮ್ಮ ಪತ್ರದ ಕೆಲವು ವಿವರ ಬದಲಿಸಿದ್ದೇನೆ. ನಿಮಗಿಂತ ಜಾಸ್ತಿ ಆ ಹುಡುಗಿಗಾಗಿ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಎನ್ನುವ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಮಗೆ ಬಾಯಿಪಾಠ ಇರುತ್ತದೆ. ಅಂಕಣ ಬರೆಯುವ ನನ್ನನ್ನೂ ಅದು ಬಿಡುವುದಿಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. 1098ಕ್ಕೆ ಫೋನ್ ಮಾಡಿ. ದೊಡ್ಡಮ್ಮನಿಗೆ ತಿಳಿಸದೆ ಮಾಡಿ. ಅಮ್ಮನಿಗೂ ತಿಳಿಸದೆ ಮಾಡಿ. ಈ ಕೊನೆಯ ಮಾತಿಗೆ ನಿಮಗೆ ಸಿಟ್ಟು ಬರಬಹುದು, ಹಾಗಾಗಿ ಮೊದಲು ಅದನ್ನೇ ಮಾತಾಡೋಣ.

ನಿಮ್ಮ ಅಮ್ಮ ಹೇಳುವ ದಾರಿ ಕೇಳುವುದಕ್ಕೆ ಚೆನ್ನಾಗಿದೆ. ಯಾರಿಗೂ ನೋವಿಲ್ಲ, ಯಾರ ಹೆಸರೂ ಕೆಡುವುದಿಲ್ಲ. ಆದರೆ ಅದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಅಮ್ಮ ರಾತ್ರಿ ಅಕ್ಕನಿಗೆ ಫೋನ್ ಮಾಡುತ್ತಾರೆ. ದೊಡ್ಡಮ್ಮ ಗಾಬರಿಯಾಗುತ್ತಾರೆ. ಮರುದಿನ ಸಂಜೆ ಹುಡುಗಿಯ ಎರಡು ಜೊತೆ ಬಟ್ಟೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹೋಗುತ್ತದೆ, ಕೈಗೆ ಐನೂರು ರೂಪಾಯಿ ಬರುತ್ತದೆ, "ಇವಳನ್ನು ಸ್ವಲ್ಪ ನೋಡಿಕೊಳ್ಳಿ" ಎಂದು ಕಂಡಕ್ಟರಿಗೆ ಒಪ್ಪಿಸಿ ಬರುತ್ತಾರೆ. ಬೆಳಿಗ್ಗೆ ಅವಳು ಇಳಿಯುವ ಊರಿನಲ್ಲಿ ಯಾರಿದ್ದಾರೆ? ಅಪ್ಪ ಅಮ್ಮ ಇರುವುದು ಗೋವಾದಲ್ಲಿ. ಅಜ್ಜಿಯೋ ಅತ್ತೆಯೋ ಇದ್ದರೂ ಅವರ ಕೈಯಲ್ಲಿ ಆಗದ ಕಾರಣಕ್ಕೇ ಅಲ್ವಾ ಹುಡುಗಿ ಇಲ್ಲಿ ಉಳಿದದ್ದು? ಹೀಗೆ ವಾಪಸ್ ಹೋದ ಮಗು ಇನ್ನೊಂದು ಮನೆಯ ಪಾತ್ರೆ ತೊಳೆಯುವುದಕ್ಕೆ ಸೇರುವುದು ಸುಲಭ. ಆ ಮನೆಯಲ್ಲಿ ಹೊಡೆಯುವವರಿದ್ದರೆ ಅದು ನಿಮಗೆ ತಿಳಿಯುವುದೂ ಇಲ್ಲ. ಅವಳ ಹೆಸರು ಯಾವ ಫೈಲಿನಲ್ಲೂ ಇರುವುದಿಲ್ಲ. ದೊಡ್ಡಮ್ಮನ ಮನೆ ಮಾತ್ರ ಕ್ಲೀನ್ ಆಗಿರುತ್ತದೆ.

ಅಮ್ಮ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅಕ್ಕನಿಗೆ ಕಷ್ಟ ಬರುತ್ತದೆ ಎಂದು ಗೊತ್ತಾದ ಮೇಲೆ ತಂಗಿ ಸುಮ್ನೆ ಕೂತಾಳಾ? ಆ ಪರೀಕ್ಷೆಗೆ ಅವರನ್ನು ಒಡ್ಡಬೇಡಿ. ಅರ್ಧ ವಿಷಯ ಅವರಿಗೆ ಈಗಲೇ ಗೊತ್ತು. ಹಾಗಾಗಿ ತಡ ಮಾಡುವುದೂ ಬೇಡ.

ಇನ್ನು, "ಹೊಡೆಯುವುದಿಲ್ಲ, ಊಟಕ್ಕೂ ಕಡಿಮೆ ಮಾಡುವುದಿಲ್ಲ" ಎಂದು ಬರೆದಿದ್ದೀರಿ. ಈ ಸಾಲು ನಿಮ್ಮದಲ್ಲ, ದೊಡ್ಡಮ್ಮನದ್ದು. ಕುಚ್ಚಲಕ್ಕಿ ಗಂಜಿ, ಮೀನು ಸಾರು ಹೊಟ್ಟೆ ತುಂಬ ಸಿಗುತ್ತಿದೆ, ಒಪ್ಪಿದೆ. "ಮನೆ ಮಗಳ ಹಾಗೆ ನೋಡಿಕೊಳ್ತೇವೆ" ಎನ್ನುವ ಮಾತು ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಕೇಳಿ ಕಿವಿ ತೂತಾಗಿದೆ. ಅದೇ ಫ್ಲ್ಯಾಟಿಗೆ ರಜೆಯಲ್ಲಿ ಬರುವ ಮೊಮ್ಮಕ್ಕಳು ಬೆಳಿಗ್ಗೆ ಆರು ಗಂಟೆಗೆ ಏನು ಮಾಡುತ್ತಿರುತ್ತಾರೆ, ಈ ಹುಡುಗಿ ಏನು ಮಾಡುತ್ತಿರುತ್ತಾಳೆ ನೋಡಿ. ಮನೆ ಮಗಳು ಯಾರು ಎಂದು ಗೊತ್ತಾಗುತ್ತದೆ.

ಕಾನೂನಿನಲ್ಲೂ ಇದಕ್ಕೆ ಸಂದಿ ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದಲೇ ನಿಷೇಧ. 2016ರ ತಿದ್ದುಪಡಿ ಬಂದ ಮೇಲೆ, ಸ್ವಂತ ಮನೆಯವರ ಕೆಲಸಕ್ಕೆ ಶಾಲೆಯ ಹೊತ್ತು ಮುಗಿದ ಮೇಲೆ ಕೈ ಜೋಡಿಸುವಂಥ ಒಂದೆರಡು ವಿನಾಯಿತಿ ಬಿಟ್ಟರೆ ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡವರಿಗೆ ಆರು ತಿಂಗಳಿನಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಆ ದಂಡದ ದುಡ್ಡು ಮಕ್ಕಳ ಪುನರ್ವಸತಿ ನಿಧಿಗೆ ಸೇರಬೇಕು, ಪ್ರತಿ ಮಗುವಿಗೆ ಸರಕಾರವೂ 15,000 ರೂಪಾಯಿ ಹಾಕಬೇಕು. ಇವೆಲ್ಲ ನಿಮಗೆ ಗೊತ್ತಿರುವುದೇ. ಮನೆಯಲ್ಲಿ "ಸಣ್ಣವಳೊಬ್ಬಳು" ಇರುವ ಬೇರೆ ಓದುಗರೂ ಇದನ್ನು ಓದುತ್ತಾರೆ, ಅವರಿಗಾಗಿ ಬರೆದೆ. ದೊಡ್ಡಮ್ಮನಿಗೆ ತೊಂದರೆಯೇ ಆಗುವುದಿಲ್ಲ ಎಂದು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಆಗಬಹುದು. ಗೊತ್ತಿದ್ದೇ ಫೋನ್ ಮಾಡಿ.

"ಮಂಗಳೂರು ನನ್ನ ವ್ಯಾಪ್ತಿಯಲ್ಲ" ಎಂದಿರಿ. ಹೆಜಮಾಡಿ ದಾಟಿದ ಕೂಡಲೇ ನಿಮ್ಮ ಜಿಲ್ಲೆ ಮುಗಿಯುತ್ತದೆ, ನಿಜ. ಅದು ನಿಮಗೆ ಒಳ್ಳೆಯದೇ ಆಯಿತು. ಈ ಫೈಲ್ ನಿಮ್ಮ ಟೇಬಲ್ಲಿಗೆ ಬರುವುದಿಲ್ಲ. ಮನೆ ಭೇಟಿಗೆ ನೀವು ಹೋಗಬೇಕಾಗಿಲ್ಲ, ವರದಿ ನೀವು ಬರೆಯಬೇಕಾಗಿಲ್ಲ. ಫೋನ್ ಮಾಡುವುದಕ್ಕೆ ಮಾತ್ರ ವ್ಯಾಪ್ತಿ ಎಂಬುದಿಲ್ಲ. ದಾರಿಹೋಕರೂ ಮಾಡುತ್ತಾರೆ. ಸಹಾಯವಾಣಿಯವರು ಹೆಸರು ಗುಟ್ಟಾಗಿಡುತ್ತಾರೆ. ಆದರೆ ಈ ರಂಗದಲ್ಲಿ ಎರಡು ಜಿಲ್ಲೆಯವರೂ ಒಬ್ಬರಿಗೊಬ್ಬರು ಪರಿಚಯ, ತರಬೇತಿಗೆ ಒಟ್ಟಿಗೆ ಹೋಗಿರುತ್ತೀರಿ. ಫೋನ್ ಮಾಡಿದ ದಿನವೇ ನಿಮ್ಮ ಅಧಿಕಾರಿಗೆ, "ಆ ಮನೆಯವರು ನನ್ನ ಸಂಬಂಧಿಕರು, ಈ ಕೇಸಿನಲ್ಲಿ ನಾನು ಕೈ ಹಾಕುವುದಿಲ್ಲ" ಎಂದು ಎರಡು ಸಾಲು ಬರೆದು ಕೊಟ್ಟುಬಿಡಿ. ಆಮೇಲೆ ಅಲ್ಲಿನವರಿಗೆ ಫೋನ್ ಮಾಡಿ "ಏನಾಯ್ತು, ಸ್ವಲ್ಪ ನೋಡಿ ಮಾರಾಯ್ರೆ" ಅನ್ನುವ ಆಸೆ ಬರುತ್ತದೆ. ತಡೆದುಕೊಳ್ಳಿ. ದೊಡ್ಡಮ್ಮನ ಪರವಾಗಿಯೂ ಬೇಡ, ಹುಡುಗಿಯ ಪರವಾಗಿಯೂ ಬೇಡ.

ಹುಡುಗಿಯನ್ನು ನಿಮ್ಮ ಮನೆಗೆ ತರುವ ಯೋಚನೆ ಬಿಟ್ಟೇಬಿಡಿ. ಮನಸ್ಸು ಒಳ್ಳೆಯದು, ದಾರಿ ತಪ್ಪು. ಯಾರ ಆದೇಶವೂ ಇಲ್ಲದೆ ಒಂದು ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಬದಲಾಯಿತು, ಅಷ್ಟೇ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನೀವೇ ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳಲು ಹೋಗುತ್ತಿದ್ದಿರಿ. ಆ ಮಗು ಎಲ್ಲಿರಬೇಕು ಎಂದು ತೀರ್ಮಾನಿಸಲು ಮಕ್ಕಳ ಕಲ್ಯಾಣ ಸಮಿತಿ ಇದೆ. ಅಧ್ಯಕ್ಷರು, ನಾಲ್ವರು ಸದಸ್ಯರು. ಮಗು ಸಿಕ್ಕಿದ 24 ಗಂಟೆಯೊಳಗೆ ಅವರ ಮುಂದೆ ಹಾಜರುಪಡಿಸಬೇಕು. ಮನೆಯ ಪರಿಸ್ಥಿತಿಯ ವರದಿ 15 ದಿನದೊಳಗೆ ಬರಬೇಕು. ಅಪ್ಪ ಅಮ್ಮನನ್ನು ಕರೆಸುತ್ತಾರೆ. ಅವರು ಒಂದು ಕಡೆ ನೆಲೆ ನಿಲ್ಲುವುದಾದರೆ ಮಗು ಅವರ ಜೊತೆ ಹೋಗಬಹುದು. ಅರ್ಹತೆ ಇದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಕೆಲಸ ಹುಡುಕಿಕೊಂಡು ಊರೂರು ಅಲೆಯುವವರಾದರೆ, ಅವರ ತಾಲೂಕಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದ್ದರೆ ಅಲ್ಲೇ ಉಳಿದು ಓದಬಹುದು. ಬಸ್ ಹತ್ತಿಸುವುದರಲ್ಲಿ ಇದ್ಯಾವುದೂ ಇಲ್ಲ.

ಇದೆಲ್ಲ ಸಿನಿಮಾದ ಹಾಗೆ ಸುಖವಾಗಿ ಮುಗಿಯುತ್ತದೆ ಎಂದುಕೊಳ್ಳಬೇಡಿ. ಮೊದಲ ವಾರ ಬಾಲಮಂದಿರದಲ್ಲಿ ಹುಡುಗಿ ಅಳಬಹುದು. "ಆಂಟಿ ಮನೆಗೇ ಹೋಗ್ತೇನೆ" ಎಂದು ಹಟ ಮಾಡಲೂಬಹುದು. ಅದು ನಿಮ್ಮ ಕಿವಿಗೆ ಬಿದ್ದರೆ, ಮಾಡಬಾರದ್ದು ಮಾಡಿದೆನಾ ಎಂದು ನಿದ್ದೆ ಹಾಳಾಗುತ್ತದೆ. ಬೇರೆ ಮಕ್ಕಳ ವಿಷಯದಲ್ಲಿ ನೀವು ಇದನ್ನು ನೋಡಿಯೇ ಇರುತ್ತೀರಿ. ಅಭ್ಯಾಸವಾದ ಜಾಗ ಬಿಟ್ಟು ಬರುವಾಗ ಎಲ್ಲ ಮಕ್ಕಳೂ ಅಳುತ್ತಾರೆ.

ಫೋನ್ ಮಾಡುವ ಮೊದಲು ಇನ್ನೊಮ್ಮೆ ಹೋಗಿ ಖಾತ್ರಿ ಮಾಡಿಕೊಳ್ಳೋಣ ಎಂದು ಅನ್ನಿಸೀತು. ಬೇಡ. ಫೋಟೋ ತೆಗೆಯುವುದು, ಅವಳನ್ನು ಅಡಿಗೆಮನೆಗೆ ಕರೆದು ವಿಚಾರಣೆ ಮಾಡುವುದು ಯಾವುದೂ ಬೇಡ. ಆಪ್ತ ಸಮಾಲೋಚಕರು ಕೇಳಬೇಕಾದ ಪ್ರಶ್ನೆಗಳನ್ನು ಅವರೇ ಕೇಳಲಿ. ಅಕಸ್ಮಾತ್ ಅವಳಾಗಿ ಬೇರೆ ಏನನ್ನಾದರೂ ಹೇಳಿದರೆ, ಯಾರಾದರೂ ಮೈ ಮುಟ್ಟಿದ್ದು ಇತ್ಯಾದಿ, ಆಗ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಇನ್ನು ಆ ಸ್ಟಿಕ್ಕರಿನ ಪ್ರಶ್ನೆ. ಅವಳು ಸುಮ್ನೆ ಕೇಳಿರಬಹುದು, ಸುಮ್ನೆ ಅಲ್ಲದೆಯೂ ಕೇಳಿರಬಹುದು. ಬೇರೆ ಮಗು ಇನ್ನೊಮ್ಮೆ ಕೇಳಿದರೆ, "ಮಕ್ಕಳಿಗೇ ಇರುವ ನಂಬರ್, ದುಡ್ಡು ಬೇಡ, ಯಾವ ಹೊತ್ತಿಗೂ ಮಾಡಬಹುದು" ಎಂದು ಹೇಳಿ.

ಈಗ ದೊಡ್ಡಮ್ಮನ ಮಾತು. ನಿಮ್ಮ ಸಂಕಟದ ಬೇರು ಇರುವುದು ಇಲ್ಲೇ. ಫೀಸು ಕಟ್ಟಿದ್ದಾರೆ, ಎರಡು ಹೊತ್ತು ಬಡಿಸಿದ್ದಾರೆ. ಆ ಋಣ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಋಣ ನಿಮ್ಮದು. ಅದನ್ನು ಆ ಹುಡುಗಿ ನೆಲ ಒರೆಸಿ ತೀರಿಸಬೇಕಾ?

ನೀವು ತೀರಿಸುವುದಕ್ಕೆ ಬೇರೆ ದಾರಿ ಇದೆ. ಆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ. ಪತ್ರದಲ್ಲಿ ಅವರ ಬಗ್ಗೆ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗನ್ನಿಸುವುದು, ಇಡೀ ಕತೆ ಹುಟ್ಟಿದ್ದೇ ಅವರ ಮಂಚದ ಹತ್ತಿರ. ಮಲಮೂತ್ರ ತೆಗೆಯಬೇಕು, ರಾತ್ರಿ ಮಗ್ಗುಲು ಬದಲಿಸಬೇಕು. ದೊಡ್ಡಮ್ಮನಿಗೂ ವಯಸ್ಸಾಗಿದೆ. ಹೋಂ ನರ್ಸ್ ಇಟ್ಟುಕೊಂಡರೆ ತಿಂಗಳು ತಿಂಗಳು ಸಂಬಳ ಕೊಡಬೇಕು, ರಜೆ ಕೊಡಬೇಕು, ಊಟ ಸರಿಯಿಲ್ಲದಿದ್ದರೆ ಆಕೆ ಬಾಯಿಬಿಟ್ಟು ಹೇಳುತ್ತಾಳೆ. ಈ ಹುಡುಗಿ ಏನೂ ಹೇಳುವುದಿಲ್ಲ. ಹುಡುಗಿ ಹೋದ ಮರುದಿನ ಆ ಮನೆ ಅಲ್ಲಾಡಿಹೋಗುತ್ತದೆ. ಆ ಹೊತ್ತಿಗೆ ನೀವು ಅಲ್ಲಿರಿ. ಎರಡು ದಿನ ರಜೆ ಹಾಕಿ, ಅಜ್ಜಿಯ ಬಟ್ಟೆ ನೀವೇ ಬದಲಿಸಿ, ಒಳ್ಳೆಯ ಹೋಂ ನರ್ಸ್ ಹುಡುಕಿ. ಸಾಧ್ಯವಾದರೆ ಆಕೆಯ ಮೊದಲ ತಿಂಗಳ ಸಂಬಳದಲ್ಲಿ ನಿಮ್ಮದೊಂದು ಪಾಲು ಕೊಡಿ. ಗುತ್ತಿಗೆ ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಎಂದು ನನಗೂ ಗೊತ್ತು, ಆದರೂ ಕೊಡಿ.

ಅಮ್ಮನಿಗೆ ಹೇಳುವುದು ಯಾವಾಗ? ಹುಡುಗಿ ಸಮಿತಿಯ ಮುಂದೆ ಹೋದ ಮೇಲೆ, ಅದೇ ದಿನ, ನಿಮ್ಮ ಬಾಯಿಂದಲೇ. ದೊಡ್ಡಮ್ಮನಿಗೆ ನೀವಾಗಿ ಹೇಳಬೇಕಾಗಿಲ್ಲ. ಆದರೆ ಅವರು ಎದುರು ನಿಂತು "ನೀನೇನಾ?" ಎಂದು ಕೇಳಿದರೆ ಕಟೀಲಮ್ಮನ ಆಣೆ ಹಾಕಿ ಅಲ್ಲ ಅನ್ನಬೇಡಿ. ಹೌದು ಅನ್ನಿ. ಬೈಯುತ್ತಾರೆ, ಬೈಸಿಕೊಳ್ಳಿ. ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲ ಸೇವೆ ಆಗುವಾಗ ಮುಖ ತಿರುಗಿಸಿಯಾರು. ಒಂದು ವರ್ಷ, ಎರಡು ವರ್ಷ. ಮಾತು ಬಿಡಬೇಡಿ, ನೀವಾಗಿ ಮಾತಾಡಿಸುತ್ತಾ ಇರಿ. ಅವರು ತಂದ ಸಂಬಂಧ ಈ ಕಾರಣಕ್ಕೆ ತಪ್ಪಿಹೋದರೆ ಹೋಗಲಿ. ನೀವು ದಿನಾ ಮಾಡುವ ಕೆಲಸಕ್ಕೇ ಹೆದರುವ ಮನೆಗೆ ಸೊಸೆಯಾಗಿ ಹೋಗಿ ಏನು ಮಾಡುತ್ತೀರಿ?

ಕೆಲಸ ಬಿಡುವ ವಿಷಯ. ಬಿಟ್ಟರೆ ಈ ಹುಡುಗಿ ಕಣ್ಣಿಗೆ ಕಾಣದೇ ಹೋಗುತ್ತಾಳಾ? ನೀವು ಬ್ಯಾಂಕಿನಲ್ಲಿದ್ದರೂ ಆ ಫ್ಲ್ಯಾಟಿಗೆ ಹೋದಾಗ ಕಾಫಿ ತಂದುಕೊಡುವವಳು ಅವಳೇ. ಈ ಕೆಲಸದಿಂದಾಗಿ ನಿಮಗೆ ಯಾವ ನಂಬರಿಗೆ ಮಾಡಬೇಕು, ಮುಂದೆ ಏನಾಗುತ್ತದೆ ಎಂದು ತಿಳಿದಿದೆ, ಅಷ್ಟೇ ವ್ಯತ್ಯಾಸ. ಸಂಬಳ ಸಾಲದು, ಗುತ್ತಿಗೆ ಖಾಯಂ ಆಗುವ ಲಕ್ಷಣ ಇಲ್ಲ, ದಿನಾ ಮಕ್ಕಳ ಗೋಳು ನೋಡಿ ಸಾಕಾಗಿದೆ ಎಂದಾದರೆ ಅವು ಬಿಡುವುದಕ್ಕೆ ನ್ಯಾಯವಾದ ಕಾರಣಗಳೇ. ಗುತ್ತಿಗೆ ಮುಗಿಯುವ ಹೊತ್ತಿಗೆ ತಣ್ಣಗೆ ಕೂತು ಲೆಕ್ಕ ಹಾಕಿ. ಈ ವಾರ ರಾಜೀನಾಮೆ ಬರೆಯಬೇಡಿ.

ಫೋನ್ ಮಾಡುವಾಗ ಫ್ಲ್ಯಾಟ್ ನಂಬರ್, ಮಹಡಿ, ದೊಡ್ಡಪ್ಪನ ಹೆಸರು, ಹುಡುಗಿಯ ಅಂದಾಜು ವಯಸ್ಸು ಸರಿಯಾಗಿ ಹೇಳಿ. ಅಪಾರ್ಟ್‌ಮೆಂಟಿನ ವಾಚ್‌ಮನ್ ಕೆಳಗೇ ತಡೆದು ಮನೆಗೆ ಇಂಟರ್‌ಕಾಂ ಮಾಡಿಬಿಡುತ್ತಾನೆ ಎಂಬುದನ್ನೂ ಹೇಳಿ, ಬರುವವರು ಅದಕ್ಕೆ ತಯಾರಾಗಿ ಬರಲಿ. ನಾಲ್ಕೈದು ದಿನವಾದರೂ ಯಾರೂ ಹೋಗಿಲ್ಲ ಎಂದು ಗೊತ್ತಾದರೆ, ದಕ್ಷಿಣ ಕನ್ನಡದ ಮಕ್ಕಳ ಕಲ್ಯಾಣ ಸಮಿತಿಗೆ ಬರಹದಲ್ಲಿ ಕೊಡಿ.