ತಂಬುಳಿ ಕಹಿಯಾಯಿತೇ? ನಿಮ್ಮದು ಬೇರೆ ಬ್ರಾಹ್ಮಿ

ನರ್ಸರಿಯಿಂದ ತಂದ ‘ಬ್ರಾಹ್ಮಿ’ಯ ತಂಬುಳಿ ಬಾಯಿಗಿಡಲಾಗದಷ್ಟು ಕಹಿ ಅಂದಿದ್ದೀರಿ. ಹಾಗಾದರೆ ಅದು ತಂಬುಳಿಗೆ ಬಳಸುವ ಒಂದೆಲಗ ಅಲ್ಲ, ನೀರುಬ್ರಾಹ್ಮಿ ಇರಬೇಕು. ಎರಡನ್ನೂ ಜನ ಬ್ರಾಹ್ಮಿ ಅಂತಲೇ ಕರೆಯುತ್ತಾರೆ.

ಫೋಟೊ ಇಲ್ಲದೆ ಖಚಿತವಾಗಿ ಹೇಳಲಾರೆ, ಮೊದಲು ಎಲೆ ನೋಡಿ. ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ದುಂಡನೆ ಎಲೆ, ತೊಟ್ಟು ಸೇರುವಲ್ಲಿ ಸೀಳು, ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಒಂದೆಲಗ. ಕಾಂಡದ ಎರಡೂ ಬದಿ ಜೋಡಿಯಾಗಿ ದಪ್ಪನೆಯ ಪುಟ್ಟ ಎಲೆ, ಬಿಳಿ ಅಥವಾ ತಿಳಿ ನೇರಳೆ ಹೂವಿದ್ದರೆ ನೀರುಬ್ರಾಹ್ಮಿ. ಗುರುತು ಸಿಗುವವರೆಗೆ ಅಡುಗೆಗೆ ಬಳಸಬೇಡಿ.

ಮುಂದಿನ ಸಲ ಸುಮ್ನೆ ಬ್ರಾಹ್ಮಿ ಅಂತ ಕೇಳದೆ ಒಂದೆಲಗ ಅನ್ನಿ. ಮಂಗಳೂರು ಕಡೆ ತಿಮರೆ ಅಂದರೆ ಸಾಕು. ಚೀಟಿಯಲ್ಲಿ ಸೆಂಟೆಲ್ಲಾ ಏಷಿಯಾಟಿಕಾ ಎಂದಿದ್ದರೆ ತನ್ನಿ, ಬಕೋಪಾ ಎಂದಿದ್ದರೆ ಬಿಡಿ.