ನಾರ್ವೇಜಿಯನ್ ಪದ ಉದ್ದವಿದ್ದರೆ ಮೊದಲು ಕೀಲು ಹುಡುಕಿ

ನಾರ್ವೇಜಿಯನ್ ಕಲಿಯುತ್ತಿದ್ದೇನೆ, ಉದ್ದುದ್ದ ನಾಮಪದಗಳನ್ನು ಎಲ್ಲಿ ಬಿಡಿಸಿ ಓದಬೇಕೋ ಗೊತ್ತಾಗುತ್ತಿಲ್ಲ ಅಂತ ಕೇಳಿದ್ದೀರಿ. ನಾರ್ವೆಯ ಸ್ಟಾವಂಗರ್‌ಗೆ ಬಂದ ಹೊಸತರಲ್ಲಿ ನಾನೂ ಇಲ್ಲೇ ಎಡವುತ್ತಿದ್ದೆ. ಕಾರಣ ನಮ್ಮ ಲಿಪಿಯ ಅಭ್ಯಾಸ. ಕನ್ನಡ ಬರೆಯುವಾಗ ವ್ಯಂಜನಗಳು ಒತ್ತಕ್ಷರವಾಗಿ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ 'ಆರ್ಬೈಡ್ಸ್‌ಪ್ಲಾಸ್' ಕಂಡರೆ ನಾಲಿಗೆ 'ಸ್ಪ್ಲಾಸ್' ಕಡೆ ಜಾರುತ್ತದೆ. ಆರ್ಬೈಡ್ ಅಂದರೆ ಕೆಲಸ, ಪ್ಲಾಸ್ ಅಂದರೆ ಜಾಗ, ನಡುವಿನ 'ಸ್' ಬರೀ ಬೆಸುಗೆ. ಆ ಬೆಸುಗೆ ಹಿಂದಿನ ಪದಕ್ಕೇ ಸೇರಿದ್ದು: ಆರ್ಬೈಡ್ಸ್-ಪ್ಲಾಸ್. ಮೊದಲು ಕೀಲಿನಲ್ಲಿ, ಅಂದರೆ ಎರಡು ಪದ ಕೂಡುವ ಜಾಗದಲ್ಲಿ ಬಿಡಿಸಿ, ಉಚ್ಚಾರಾಂಶದ ಲೆಕ್ಕ ಆಮೇಲೆ.

ಶಿಶುವಿಹಾರಕ್ಕೆ 'ಬಾರ್ನೆಹಾಗೆ' ಅನ್ನುತ್ತಾರೆ. ಬಾರ್ನ್ ಅಂದರೆ ಮಗು, ಹಾಗೆ ಅಂದರೆ ತೋಟ, ನಡುವೆ 'ಎ' ಬೆಸುಗೆ. ಬಾರ್ನ್ ನಪುಂಸಕ, ಹಾಗೆ ಪುಲ್ಲಿಂಗ. ಇಡೀ ಪದ ಪುಲ್ಲಿಂಗವಾಗುತ್ತದೆ. ಲಿಂಗ, ಬಹುವಚನ ಎಲ್ಲಕ್ಕೂ ಕೊನೆಯ ಪದವೇ ಯಜಮಾನ. ನಮ್ಮ ತತ್ಪುರುಷ ಸಮಾಸದಲ್ಲೂ ಉತ್ತರಪದವೇ ಪ್ರಧಾನವಲ್ಲವೇ, 'ಅರಮನೆ' ಕೊನೆಗೂ ಮನೆಯೇ. ಇದೊಂದು ನೆನಪಿದ್ದರೆ ಅರ್ಧ ವ್ಯಾಕರಣ ಸಲೀಸು.

ನನಗೆ ತುಂಬ ಇಷ್ಟವಾದ ಜೋಡಿ ಒಂದಿದೆ. ವೈನ್ ಲೋಟಕ್ಕೆ 'ವೀನ್‌ಗ್ಲಾಸ್', ಬೆಸುಗೆ ಇಲ್ಲ. ಕೆಂಪು ವೈನಿನ ಲೋಟ ಅಂದ ಕೂಡಲೇ 'ರೋವೀನ್ಸ್‌ಗ್ಲಾಸ್', ಎಸ್ ಬಂದು ಕೂರುತ್ತದೆ. ಮೊದಲ ಭಾಗವೇ ಎರಡು ಪದಗಳಿಂದಾಗಿದ್ದರೆ ಹೀಗೆ ಎಸ್ ಸೇರುವುದು ಹೆಚ್ಚು. ಅದು ದೊಡ್ಡ ಕೀಲು ಎಲ್ಲಿದೆ ಅಂತ ಬೆರಳು ಮಾಡಿ ತೋರಿಸುತ್ತದೆ: ಕೆಂಪಾಗಿರುವುದು ವೈನ್, ಲೋಟ ಅಲ್ಲ.

ಸಾಲಿನ ಕೊನೆಯಲ್ಲಿ ಪದ ಒಡೆಯುವಾಗ ಇನ್ನೊಂದು ಸೊಗಸು ಕಾಣುತ್ತದೆ. ರಾತ್ರಿಗೆ 'ನಾಟ್', ಬರೆಯುವಾಗ ಕೊನೆಗೆ ಎರಡು ಟಿ. ರೈಲಿಗೆ 'ಟೋಗ್', ಮೊದಲಿಗೆ ಒಂದು ಟಿ. ಸೇರಿದರೆ ಮೂರು ಟಿ ಬರಬೇಕು, ಆದರೆ ಒಂದೇ ವ್ಯಂಜನ ಮೂರು ಸಲ ಬರೆಯುವ ಹಾಗಿಲ್ಲ, ಎರಡೇ ಉಳಿಯುತ್ತವೆ. ಅದೇ ಪದವನ್ನು ಹೈಫನ್ ಹಾಕಿ ಮುಂದಿನ ಸಾಲಿಗೆ ಒಡೆದರೆ ಕಳೆದುಹೋದ ಟಿ ವಾಪಸ್ ಬರುತ್ತದೆ! ಬಸ್ ನಿಲ್ದಾಣದ 'ಬುಸ್‌ಸ್ಟೊಪ್'ನಲ್ಲಿ ಎಸ್‌ಗೂ ಇದೇ ಕಥೆ. ಕೀಲಿಲ್ಲದ ಸಾದಾ ಪದ ಒಡೆಯುವುದು ಸುಲಭ: ಸಾಮಾನ್ಯವಾಗಿ ಒಂದೇ ವ್ಯಂಜನ ಮುಂದಿನ ಸಾಲಿಗೆ ಹೋಗುತ್ತದೆ. ಕಾ-ಕೆ, ವಿನ್-ಟೆರ್.

ಓದಲು ಮನಸ್ಸಿನಲ್ಲಿ ಎಷ್ಟು ಬೇಕಾದರೂ ಬಿಡಿಸಿ, ಬರೆಯುವಾಗ ಮಾತ್ರ ನಡುವೆ ಜಾಗ ಬಿಡಬೇಡಿ. 'ಲಾಮ್ಮೆಲೋರ್' ಒಂದೇ ಪದವಾದರೆ ಕುರಿಮರಿಯ ತೊಡೆಮಾಂಸ. ಜಾಗ ಬಿಟ್ಟು 'ಲಾಮ್ಮೆ ಲೋರ್' ಅಂತ ಬರೆದರೆ ಪಾರ್ಶ್ವವಾಯು ಹೊಡೆದ ತೊಡೆಗಳು. ಮಾತಿನಲ್ಲಿ ಈ ಗೊಂದಲ ಇಲ್ಲ, ಯಾಕೆಂದರೆ ಸಮಾಸವಾದಾಗ ಒತ್ತು ಮೊದಲ ಭಾಗದ ಮೇಲೆ ಬಿದ್ದು ಉಳಿದದ್ದು ತಗ್ಗಿನ ದನಿಯಲ್ಲಿ ಹಿಂಬಾಲಿಸುತ್ತದೆ. ಬಿಡಿಯಾಗಿ ಹೇಳಿದಾಗ ಎರಡಕ್ಕೂ ತಮ್ಮದೇ ಒತ್ತು.