ಮೀಟಿಂಗಿನಲ್ಲಿ ಮೌನ, ಮ್ಯಾಚಿನಲ್ಲಿ ಮಾತು

(ಗುರುತು ಸಿಗದಂತೆ ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಪ್ರಕಟಣೆಗೆ ಅವರ ಒಪ್ಪಿಗೆ ಇದೆ.)

ಇಂಗ್ಲಿಷಿನಲ್ಲಿ ಮಾತಾಡುವ ಭಯಕ್ಕೆ ಸಲಹೆ ಕೇಳಿ ನನ್ನ ಬಳಿ ಬಂದ ಇವರನ್ನು ಸುಧಾ ಎನ್ನೋಣ. ವಯಸ್ಸು 26. ತುಮಕೂರು ಕಡೆಯ ಹಳ್ಳಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಈಗ ವೈಟ್‌ಫೀಲ್ಡ್ ಕಡೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಅದರ ದೋಷ (ಬಗ್) ಹುಡುಕುವ ಕೆಲಸ. ದಿನಾ ಬೆಳಿಗ್ಗೆ ಟೀಮಿನವರೆಲ್ಲ ಸೇರಿದಾಗ ನಿನ್ನೆ ಏನಾಯಿತು, ಇವತ್ತೇನು ಮಾಡುತ್ತೇನೆ ಎಂದು ಪ್ರತಿಯೊಬ್ಬರೂ ಒಂದು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕು. ಆ ಒಂದು ನಿಮಿಷಕ್ಕೆ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ತೊಳಸುತ್ತಿತ್ತು. ವಾರಕ್ಕೊಮ್ಮೆಯಾದರೂ 'ನೆಟ್‌ವರ್ಕ್ ಇಲ್ಲ' ಎಂದು ತಪ್ಪಿಸಿಕೊಳ್ಳುವುದು ಶುರುವಾಗಿತ್ತು.

"ಮೇಡಂ, ಮೇಲ್ ಬರೀತೀನಿ, ಬಗ್ ರಿಪೋರ್ಟ್ ಬರೀತೀನಿ, ಒಬ್ರೂ ತಪ್ಪು ಹುಡುಕಿಲ್ಲ. ಬಾಯಿ ತೆಗೆಯೋ ಹೊತ್ತಿಗೆ ಎಲ್ರೂ ನನ್ನೇ ನೋಡ್ತಾ ಕೂತಿರ್ತಾರೆ. ಅಲ್ಲಿಗೆ ಮುಗೀತು."

ಬೇರೆ ಸಂದರ್ಭಗಳಲ್ಲಿ ಗಾಬರಿ ಇರಲಿಲ್ಲ. ಊಟ ಸರಿಯಿತ್ತು. ಕನ್ನಡದಲ್ಲಿ ಯಾರ ಮುಂದೆ ಬೇಕಾದರೂ ಮಾತಾಡುತ್ತಿದ್ದರು. ಹಾಗಾಗಿ ಮನೋವೈದ್ಯರ ಬಳಿ ಕಳಿಸುವ ಅಗತ್ಯ ಕಾಣಲಿಲ್ಲ. ಪರಭಾಷೆ ಕಲಿಯುವವರ ಅಂಜಿಕೆಯ ಬಗ್ಗೆ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲೇ ಬರೆದಿದ್ದಾರೆ. ಮಾತಾಡುವ ಭಯ, ಪರೀಕ್ಷೆಯ ಭಯ, ಇತರರು ನಮ್ಮನ್ನು ಕೀಳಾಗಿ ಅಳೆದಾರೆಂಬ ಭಯ ಎಂದು ಅದರ ಮೂರು ಎಳೆಗಳನ್ನು ಅವರು ಗುರುತಿಸಿದರು. ಸುಧಾ ಅವರದು ಬಹುಪಾಲು ಮೂರನೆಯದು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ದುಡ್ಡು ಸುರಿದಿದ್ದರು. ಅಲ್ಲಿ ಎದ್ದು ನಿಲ್ಲಿಸಿ 'ನನ್ನ ಗುರಿ' ಎಂಬ ವಿಷಯದ ಮೇಲೆ ಮಾತಾಡಿಸಿ, ತಪ್ಪಾದಲ್ಲೆಲ್ಲ ತಡೆದು ತಿದ್ದಿದ್ದಾರೆ. ನೋಟಕ್ಕೆ ಹೆದರುವವರನ್ನು ಇನ್ನಷ್ಟು ಕಣ್ಣುಗಳ ಮುಂದೆ ನಿಲ್ಲಿಸುವ ಈ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ.

ಇಂಗ್ಲಿಷಿನಲ್ಲಿ ಭಯವಿಲ್ಲದೆ ಮಾತಾಡಿದ ಗಳಿಗೆ ಒಂದಾದರೂ ಉಂಟೇ ಎಂದು ಕೇಳಿದೆ. "ಇಲ್ಲವೇ ಇಲ್ಲ" ಎಂದವರು, ಸ್ವಲ್ಪ ಹೊತ್ತಾದ ಮೇಲೆ ನಗುತ್ತಾ, "ಜಗಳ ಲೆಕ್ಕಕ್ಕೆ ಬರುತ್ತಾ?" ಎಂದರು.

ಅವರ ಪಿಜಿಯಲ್ಲಿ ಕೇರಳದ ನರ್ಸ್ ಒಬ್ಬರು, ಮಣಿಪುರದ ಹುಡುಗಿಯೊಬ್ಬರು ಇದ್ದಾರೆ. ಊಟದ ಹಾಲ್‌ನಲ್ಲಿ ಇರುವುದು ಒಂದೇ ಟಿವಿ. ಸೀರಿಯಲ್ ಮುಗಿದ ಮೇಲೆ ರಿಮೋಟ್ ಈ ಮೂವರ ಕೈಗೆ. ಸುಧಾ ಹೈಸ್ಕೂಲಿನಲ್ಲಿ ತಾಲ್ಲೂಕು ಮಟ್ಟದವರೆಗೆ ಫುಟ್‌ಬಾಲ್ ಆಡಿದವರು. ಒಂದು ಶನಿವಾರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ನೋಡುವಾಗ ಥ್ರೋ-ಇನ್‌ನಿಂದ (ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆ ಎಸೆಯುವುದು) ನೇರವಾಗಿ ಚೆಂಡು ಪಡೆದವನು ಗೋಲು ಹೊಡೆದ. ಆಫ್‌ಸೈಡ್ ಅಂತ ನರ್ಸ್ ಕೂಗಿದರು. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ಗಳಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಸುಧಾಗೆ ಅದು ಗೊತ್ತು, ಸುಮ್ಮನಿರಲಾಗಲಿಲ್ಲ. ಮುರುಕು ಇಂಗ್ಲಿಷಿನಲ್ಲೇ ವಾದ ಹೂಡಿದರು, ಗೆದ್ದರು.

ಆಫ್‌ಸೈಡ್ ಎಂದರೇನೆಂದು ನನಗೂ ತಿಳಿಯದು, ಹೇಳಿಕೊಡಿ ಎಂದೆ. ಇದು ತಂತ್ರವಲ್ಲ, ನಿಜವಾಗಿ ತಿಳಿಯದು. ನನ್ನ ಮೇಜಿನ ಪೆನ್ನು, ಸ್ಟೇಪ್ಲರ್, ನೀರಿನ ಲೋಟ ಎಲ್ಲ ಆಟಗಾರರಾದವು. ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಗೋಲು ಗೆರೆಗೆ ಹತ್ತಿರ ನಿಂತವನಿಗೆ ಪಾಸ್ ಕೊಟ್ಟರೆ ಆಫ್‌ಸೈಡ್. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿದೆ. ತಡವರಿಸಿದರು, ಆದರೆ ನಿಲ್ಲಲಿಲ್ಲ. ನಾನು ನೋಡುತ್ತಿದ್ದುದು ಸ್ಟೇಪ್ಲರನ್ನು, ಅವರ ಮುಖವನ್ನಲ್ಲ. ನನಗೆ ದಾರಿ ಕಂಡದ್ದು ಅಲ್ಲೇ. ಮ್ಯಾಚಿನ ಹೊತ್ತಿನಲ್ಲಿ ಎಲ್ಲರ ಕಣ್ಣು ಚೆಂಡಿನ ಮೇಲೆ. ಮಾತಾಡುವವರಿಗೆ ಹೇಳಲೇಬೇಕಾದ ವಿಷಯವಿರುತ್ತದೆ, ಕೇಳುವವರಿಗೆ ವ್ಯಾಕರಣ ಬೇಕಿಲ್ಲ. ಮೂವರಿಗೂ ಇಂಗ್ಲಿಷ್ ಮನೆಮಾತಲ್ಲ ಎನ್ನುವುದು ಇನ್ನೂ ಒಳ್ಳೆಯದು.

ಹಾಗಾಗಿ ಇಂಗ್ಲಿಷ್ ಕ್ಲಾಸ್ ಸದ್ಯಕ್ಕೆ ಬಿಡಿ ಎಂದು ಸಲಹೆ ಕೊಟ್ಟೆ. ಗೆಳತಿಯರಿಗೆ ವಿಷಯ ಬಾಯಿಬಿಟ್ಟು ಹೇಳಿ, ಶನಿವಾರದ ಮ್ಯಾಚಿನಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲೇ ಎಂದು ಒಪ್ಪಿಸಿ. ಆಟ ನಡೆಯುವಾಗ ಯಾರೂ ಯಾರನ್ನೂ ತಿದ್ದಬಾರದು. ಮಧ್ಯಂತರದ 15 ನಿಮಿಷದಲ್ಲಿ ಮೊದಲಾರ್ಧ ಹೇಗಿತ್ತೆಂದು ಒಬ್ಬೊಬ್ಬರೂ ಹೇಳಬೇಕು. ದ್ವಿತೀಯಾರ್ಧದಲ್ಲಿ ಐದು ನಿಮಿಷ ಟಿವಿಯ ಸದ್ದು ಅಡಗಿಸಿ ಸರದಿಯಂತೆ ಕಾಮೆಂಟರಿ ಹೇಳಿ. ಕಾಮೆಂಟರಿಯ ವಾಕ್ಯಗಳು ಗಿಡ್ಡ, ಕಾಲವೂ ಹೆಚ್ಚಾಗಿ ವರ್ತಮಾನವೇ. ಹೊಸಬರ ನಾಲಿಗೆಗೆ ಅದು ಹಗುರ.

ಇನ್ನೊಂದು ಮನೆಗೆಲಸವನ್ನೂ ಕೊಟ್ಟೆ: ಮ್ಯಾಚಿನ ನಂತರದ ಪತ್ರಿಕಾಗೋಷ್ಠಿ ನೋಡುವುದು. ಸ್ಪೇನಿನ ಪೆಪ್ ಗಾರ್ಡಿಯೊಲಾ 2016ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿಗೆ ಕೋಚ್ ಆಗಿ ಬಂದವರು. ಪದಕ್ಕಾಗಿ ತಡಕುತ್ತಾರೆ, ವಾಕ್ಯ ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡುತ್ತಾರೆ, ಉಚ್ಚಾರಣೆ ಅವರದೇ. ಅರ್ಜೆಂಟೀನಾದ ಪೊಚೆಟಿನೊ 2013ರಲ್ಲಿ ಅಲ್ಲಿನದೇ ಸೌತಾಂಪ್ಟನ್ ಕ್ಲಬ್ಬಿನ ಕೋಚ್ ಆಗಿ ಬಂದಾಗ ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಪತ್ರಕರ್ತರಿಗೆ ಉತ್ತರಿಸುತ್ತಿದ್ದರು. ಇವರು ಎಲ್ಲೆಲ್ಲಿ ನಿಲ್ಲುತ್ತಾರೆ, ನಿಂತಾಗ ಏನು ಮಾಡುತ್ತಾರೆ ಎಂದಷ್ಟೇ ಬರೆದುಕೊಂಡು ಬನ್ನಿ ಎಂದೆ. ಸುಧಾ ಬರೆದು ತಂದದ್ದು: "ನಿಲ್ತಾರೆ. ಯಾರೂ ನಗಲ್ಲ. ಕಾಯ್ತಾರೆ."

ಎಲ್ಲ ಸಲೀಸಾಗಿ ನಡೆಯಲಿಲ್ಲ. ಮೂವರೂ ಸುಸ್ತಾದಾಗ ಮಾತು ಹಿಂದಿಗೆ ಜಾರುತ್ತಿತ್ತು, ಬೆಂಗಳೂರಿನ ಪಿಜಿಗಳಲ್ಲಿ ಇದು ಸಾಮಾನ್ಯ. ಜಾರಿದವರು ಎಲ್ಲರಿಗೂ ಚಹಾ ಮಾಡಬೇಕೆಂದು ಮಣಿಪುರದ ಹುಡುಗಿ ದಂಡ ಹಾಕಿದರಂತೆ. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೇರಿಕೊಂಡದ್ದು ಮಾತ್ರ ತೊಂದರೆ ತಂದಿತು. ಅದರ ಬಹುತೇಕ ಪಂದ್ಯಗಳು ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿಯೇ ಶುರು. ನಿದ್ದೆಗೆಟ್ಟ ಮರುದಿನ ಗಾಬರಿ ಹೆಚ್ಚುತ್ತದೆ, ಮೀಟಿಂಗಿನಲ್ಲಿ ಅದೇ ಆಯಿತು. ವಾರದ ದಿನಗಳಲ್ಲಿ ಮಧ್ಯರಾತ್ರಿಯ ಮ್ಯಾಚ್ ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ.

ಮೂವರೂ ಕಂಠೀರವ ಕ್ರೀಡಾಂಗಣಕ್ಕೆ ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಹೋದಾಗ ಪಾತ್ರ ಅದಲುಬದಲಾಯಿತು. ಗ್ಯಾಲರಿಯ ಕನ್ನಡ ಕೂಗುಗಳ ಅರ್ಥ ಹೇಳುವವರು ಸುಧಾ. ಮಹಿಳೆಯರ ರಾಷ್ಟ್ರೀಯ ಫುಟ್‌ಬಾಲ್ ಚಾಂಪಿಯನ್‌ಶಿಪ್ ಅತಿ ಹೆಚ್ಚು ಸಲ ಗೆದ್ದ ರಾಜ್ಯ ನಮ್ಮದೆಂದು ಮಣಿಪುರದವರು, ರಾಜ್ಯ ತಂಡಗಳ 2022ರ ಸಂತೋಷ್ ಟ್ರೋಫಿ ನಮ್ಮದೆಂದು ಕೇರಳದವರು ಕೊಚ್ಚಿಕೊಂಡರೆ, ಮರುವರ್ಷ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಕಪ್ ತಂದವರು ನಾವು, ಕರ್ನಾಟಕದವರು ಎಂದು ಸುಧಾ ಅವರ ಉತ್ತರ. ಅಷ್ಟೂ ಇಂಗ್ಲಿಷಿನಲ್ಲಿ, ಮೆಟ್ರೋದಲ್ಲಿ ಅಪರಿಚಿತರ ನಡುವೆ ನಿಂತು.

ಆದರೆ ಹಾಲ್‌ನ ಧೈರ್ಯ ತಾನಾಗಿ ಆಫೀಸಿಗೆ ಬರುವುದಿಲ್ಲ, ಅದಕ್ಕೆ ಸೇತುವೆ ಬೇಕು. ಭಾನುವಾರ ಬೆಳಿಗ್ಗೆ ಮ್ಯಾಚಿನ ವರದಿಯನ್ನು ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಗೆಳತಿಯರಿಗೆ ಕಳಿಸುವುದು: ಏನಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡರು, ಮುಂದಿನ ಪಂದ್ಯಕ್ಕೆ ಏನು ಬೇಕು. ಸೋಮವಾರದ ಮೀಟಿಂಗಿಗೂ ಅದೇ ಚೌಕಟ್ಟು, ತಂಡದ ಬದಲು ಬಗ್. ಜತೆಗೆ ಮಾತಾಡುವಾಗ ಸ್ಕ್ರೀನ್ ಶೇರ್ ಮಾಡಿ ಎಂದೆ, ಎಲ್ಲರ ಕಣ್ಣು ಬಗ್ ಪಟ್ಟಿಯ ಮೇಲಿರಲಿ. ಮ್ಯಾನೇಜರ್ ಅದಕ್ಕೆ ಒಪ್ಪಿದರು. ಆಟದ ಗೀಳಿಲ್ಲದವರಿಗೆ ಅಡುಗೆಯೋ ಬೈಕೋ ಇದೇ ಕೆಲಸ ಮಾಡೀತು. ಎದುರಿನವರಿಗಿಂತ ನಮಗೆ ಚೆನ್ನಾಗಿ ಗೊತ್ತಿರುವ ವಿಷಯವಾಗಿದ್ದರೆ ಸಾಕು.

ಈಗ ಬೆಳಗಿನ ಮೀಟಿಂಗ್ ತಪ್ಪಿಸುತ್ತಿಲ್ಲ. ಹೊಟ್ಟೆ ತೊಳಸುವುದು ಪೂರ್ತಿ ನಿಂತಿಲ್ಲ, ರಾತ್ರಿಯೆಲ್ಲ ಕಾಡುತ್ತಿದ್ದುದು ಮೀಟಿಂಗಿಗೆ ಮುಂಚಿನ ಕೆಲವು ನಿಮಿಷಕ್ಕೆ ಇಳಿದಿದೆ. ವಿದೇಶದ ಗ್ರಾಹಕರ ಕರೆ ಬಂದರೆ ಇನ್ನೂ ಫೋನನ್ನು ಪಕ್ಕದವರ ಕೈಗೆ ಕೊಡುತ್ತಾರೆ. ಗ್ರಾಹಕರ ಉಚ್ಚಾರಣೆ ಅರ್ಥವಾಗದಿದ್ದಾಗ 'ಇನ್ನೊಮ್ಮೆ ಹೇಳಿ' ಎನ್ನಲು ಸಂಕೋಚ. ಈ ತಿಂಗಳು ಅದನ್ನೇ ಹಿಡಿದಿದ್ದೇವೆ.